ಒಂದೇ ಅಡುಗೆ, ಎರಡು ರೋಗ



ಮನೆಭೇಟಿಗೆ ಹೋದ ಗುರುಗಳನ್ನು ನಮ್ಮ ಜನ ಬರಿಹೊಟ್ಟೆಯಲ್ಲಿ ಕಳುಹಿಸುವುದಿಲ್ಲ. “ಸ್ವಾಮಿ, ಊಟ ಮಾಡಿಕೊಂಡೇ ಹೋಗಬೇಕು” ಎಂದು ಮನೆಯ ಯಜಮಾನರು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಮಕ್ಕಳೂ ಕೂರುತ್ತಾರೆ. ಮನೆಯೊಡತಿ ಮಾತ್ರ ಬಡಿಸುತ್ತಾ ನಿಲ್ಲುತ್ತಾರೆ. “ನೀವೂ ಕೂತುಕೊಳ್ಳಿ ಅಮ್ಮಾ” ಎಂದರೆ, “ನಂದು ಆಮೇಲೆ ಸ್ವಾಮಿ” ಎಂಬ ಉತ್ತರ. ಆ ‘ಆಮೇಲೆ’ಯ ಹೊತ್ತಿಗೆ ಪಾತ್ರೆಯಲ್ಲಿ ಅನ್ನವಿರುತ್ತದೆ, ಸಾರಿನ ತಿಳಿ ಇರುತ್ತದೆ, ಪಲ್ಯ, ಮೊಟ್ಟೆ, ಮಾಂಸದ ಚೂರುಗಳು ಮುಗಿದಿರುತ್ತವೆ.

ಅದೇ ಮನೆಯ ಗೋಡೆಯ ಗೂಡನ್ನು ನೋಡಿ. ಯೇಸುವಿನ ತಿರುಹೃದಯದ ಪಟದ ಕೆಳಗೆ ಯಜಮಾನರ ಸಕ್ಕರೆ ಕಾಯಿಲೆಯ ಮಾತ್ರೆ, ಪಕ್ಕದಲ್ಲೇ ಅವರ ಪತ್ನಿಗೆ ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆ. ಒಂದೇ ಒಲೆ, ಒಂದೇ ಅಡುಗೆ, ಆದರೆ ರೋಗ ಎರಡು. ಇದು ಯಾವುದೋ ಒಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜು ಮಾಡಿತು. ಈ ರೋಗಗಳಿಗೆ ಆಹಾರವೊಂದೇ ಕಾರಣವಲ್ಲ. ವಂಶಪಾರಂಪರ್ಯ, ದೇಹಶ್ರಮದ ಕೊರತೆ, ಜಂತುಹುಳು, ಮಾಸಿಕ ಸ್ರಾವ ಮುಂತಾದ ಕಾರಣಗಳೂ ಇವೆ. ಆದರೂ ಊಟದ ತಟ್ಟೆಯ ಪಾಲು ದೊಡ್ಡದು. ಆ ತಟ್ಟೆಯನ್ನು ಈ ವಾರ ಅರಿತುಕೊಳ್ಳೋಣ.

ಕ್ಯಾಲೊರಿ ಎಂದರೇನು?

ನಮ್ಮ ಅಜ್ಜಿಯರು ಅಕ್ಕಿಯನ್ನು ಪಾವು, ಸೇರುಗಳಲ್ಲಿ ಅಳೆಯುತ್ತಿದ್ದರು. ಕ್ಯಾಲೊರಿಯೂ ಅಂಥದೇ ಒಂದು ಅಳತೆ. ಅದು ಆಹಾರದೊಳಗೆ ಸೇರಿಕೊಂಡ ಕೆಟ್ಟ ವಸ್ತುವಲ್ಲ. ಆಹಾರದಿಂದ ದೊರೆಯುವ ಶಕ್ತಿಯ ಲೆಕ್ಕ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾಗುವ ಶಾಖವೇ ಒಂದು ಕಿಲೋಕ್ಯಾಲೊರಿ. ಇದನ್ನೇ ನಾವು ಆಡುಮಾತಿನಲ್ಲಿ ಕ್ಯಾಲೊರಿ ಎನ್ನುತ್ತೇವೆ. ನಾವು ಮಲಗಿರುವಾಗಲೂ ಹೃದಯ, ಶ್ವಾಸಕೋಶ, ಮೆದುಳುಗಳಿಗೆ ಈ ಶಕ್ತಿ ಬೇಕು. ಹೆಚ್ಚು ಮೈಮುರಿದು ದುಡಿಯದವರಲ್ಲಿ ದಿನದ ಖರ್ಚಿನ ಅರ್ಧಕ್ಕಿಂತ ಹೆಚ್ಚು ಪಾಲು ಇದಕ್ಕೇ ಹೋಗುತ್ತದೆ.

ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆ 4 ಕ್ಯಾಲೊರಿ ಕೊಡುತ್ತದೆ. ಒಂದು ಗ್ರಾಂ ಪ್ರೊಟೀನು ಸಹ 4. ಎಣ್ಣೆ, ತುಪ್ಪ, ಕೊಬ್ಬು 9. ಮದ್ಯಸಾರ 7, ಅದರಿಂದ ಮೈ ಬೆಳೆಯುವುದಿಲ್ಲ, ಬೊಜ್ಜು ಬೆಳೆಯುತ್ತದೆ. ಹೀಗಾಗಿ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಒಂದು ಚಿಕ್ಕ ಚಮಚ ಸಕ್ಕರೆಯಲ್ಲಿ 20. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸಕ್ಕರೆಯಿಂದಲೇ 160 ಆಯಿತು. ಖರ್ಚಾಗದೆ ಉಳಿದ ಶಕ್ತಿಯನ್ನು ದೇಹ ಕೊಬ್ಬಾಗಿ ಕೂಡಿಡುತ್ತದೆ.

ಯಾರಿಗೆ ಎಷ್ಟು?

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗಾಗಿ ಆರಂಭವಾದದ್ದು. ಅಕ್ಕಿಯನ್ನು ಹೊಳಪು ಬರುವಂತೆ ತೆಳ್ಳಗೆ ಪಾಲಿಶ್ ಮಾಡಿದಾಗ ತೌಡಿನೊಂದಿಗೆ ಬಿ1 ಜೀವಸತ್ವ ಕಳೆದುಹೋಗುತ್ತದೆ. ಹೊಟ್ಟೆ ತುಂಬ ಬರೀ ಅಂಥ ಅನ್ನ ಉಂಡವರಿಗೆ ಈ ರೋಗ ಬರುತ್ತಿತ್ತು. ಹೊಟ್ಟೆ ತುಂಬುವುದು ಬೇರೆ, ಪೋಷಣೆ ಬೇರೆ ಎಂಬ ಪಾಠವನ್ನು ಬೆರಿಬೆರಿ ಕಲಿಸಿತು.

ಇದೇ ಸಂಸ್ಥೆಯ 2020ರ ಲೆಕ್ಕವನ್ನು ಗಮನವಿಟ್ಟು ಓದಿರಿ. ಕುಳಿತು ಕೆಲಸ ಮಾಡುವ, 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2110 ಕ್ಯಾಲೊರಿ ಸಾಕು. ಮಧ್ಯಮ ಶ್ರಮದ, 55 ಕಿಲೋ ತೂಕದ ಹೆಂಗಸಿಗೆ 2130 ಬೇಕು. ಅಂದರೆ ಅಂಗಡಿಯ ಗಲ್ಲಾದಲ್ಲಿ ಕುಳಿತ ಪತಿಗಿಂತ, ನೀರು ಹೊತ್ತು, ಬಟ್ಟೆ ಒಗೆದು, ತೋಟದಲ್ಲೂ ದುಡಿಯುವ ಪತ್ನಿಯ ಅಗತ್ಯ ಕಡಿಮೆಯೇನಲ್ಲ. ಗರ್ಭಿಣಿಗೆ ಇನ್ನೂ 350, ಎಳೆಗೂಸಿಗೆ ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ಇನ್ನೂ 600 ಸೇರಿಸಬೇಕು. ಕಬ್ಬಿಣಾಂಶದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು: ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ, ಹೆಂಗಸಿಗೆ 29. ಹೆಚ್ಚು ಬೇಕಾದವರೇ ಕಡೆಗೆ ಉಣ್ಣುತ್ತಿದ್ದಾರೆ!

ತಟ್ಟೆಯಲ್ಲಿ ಏನಿರಬೇಕು?

ಅದೇ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯು 2000 ಕ್ಯಾಲೊರಿಯ ದಿನದ ಊಟವನ್ನು ಹೀಗೆ ಹಂಚುತ್ತದೆ: ಅಕ್ಕಿ, ರಾಗಿ, ಗೋಧಿಯಂಥ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು, ತರಕಾರಿ, ಹಣ್ಣು ಎಲ್ಲ ಸೇರಿ 500 ಗ್ರಾಂ, ಹಾಲು 300 ಮಿಲಿಲೀಟರ್, ಕಡಲೆಬೀಜ, ಎಳ್ಳಿನಂಥವು 35 ಗ್ರಾಂ, ಎಣ್ಣೆ 27 ಗ್ರಾಂ. ಮೊಟ್ಟೆ, ಮೀನು, ಮಾಂಸ ತಿನ್ನುವವರು ಬೇಳೆಯ ಒಂದು ಪಾಲಿನ ಬದಲು ಅವನ್ನು ಬಳಸಬಹುದು. ನಮ್ಮ ತಟ್ಟೆಗಳಲ್ಲಿ ಅನ್ನದ ಗುಡ್ಡವೂ ಅದರ ಅಂಚಿನಲ್ಲಿ ಒಂದು ಚಮಚ ಪಲ್ಯವೂ ಇರುತ್ತವೆ. ಇದನ್ನು ತಿರುವಿ ಹಾಕಿದರೆ ಅರ್ಧ ಕೆಲಸ ಆದಂತೆ.

“ನಾವು ಮುದ್ದೆ ತಿನ್ನುವವರು ಸ್ವಾಮಿ, ನಮಗೇನೂ ಆಗದು” ಎನ್ನುವವರಿದ್ದಾರೆ. ರಾಗಿ ಉತ್ತಮವೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶ ಇದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು. ನಾರೂ ಹೆಚ್ಚು. ಆದರೆ ಕ್ಯಾಲೊರಿಯಲ್ಲಿ ನೂರು ಗ್ರಾಂ ರಾಗಿಗೆ ಸುಮಾರು 320, ಅಕ್ಕಿಗೆ 350, ಹೆಚ್ಚು ಅಂತರವಿಲ್ಲ. ಮುದ್ದೆಯಾದರೂ ಮೂರು ಇಳಿಸಿದರೆ ಅತಿಯೇ.

ಬಡತನದಲ್ಲಿ ಇದೆಲ್ಲ ಸಾಧ್ಯವೇ ಎಂಬ ಪ್ರಶ್ನೆ ನ್ಯಾಯವಾದುದು. ನಮ್ಮ ಬಸ್ಸಾರನ್ನೇ ನೋಡಿ: ಕಾಳು, ಸೊಪ್ಪು, ಬಸಿದ ಕಟ್ಟಿನ ಸಾರು, ಪಕ್ಕದಲ್ಲಿ ಪಲ್ಯ, ಜೊತೆಗೆ ಮುದ್ದೆ. ದುಬಾರಿ ಡಬ್ಬಿಯ ಪುಡಿಗಳಿಗಿಂತ ಇದು ಮೇಲು. ನುಗ್ಗೆಸೊಪ್ಪು, ಹುರುಳಿ, ಅವರೆ, ಸೀಬೆಹಣ್ಣು ನಮ್ಮ ಹಿತ್ತಲು, ಸಂತೆಗಳಲ್ಲೇ ಇವೆ. ಸೊಪ್ಪುಕಾಳಿನ ಊಟಕ್ಕೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ರಕ್ತಕ್ಕೆ ಸೇರುತ್ತದೆ. ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಸೇರುವುದು ಕುಗ್ಗುತ್ತದೆ. ಕಾಫಿಯನ್ನು ಒಂದು ಗಂಟೆ ಮುಂದೂಡಲು ಹಣ ಬೇಕಿಲ್ಲ.

ಇದಕ್ಕೂ ವಿಶ್ವಾಸಕ್ಕೂ ಏನು ಸಂಬಂಧ?

ಸಂಬಂಧ ಹತ್ತಿರದ್ದೇ. ಕೊರಿಂಥದ ಕ್ರೈಸ್ತರು ಪ್ರಭುವಿನ ಭೋಜನಕ್ಕೆಂದು ಸೇರುತ್ತಿದ್ದಾಗ ಕೆಲವರು ಮೊದಲೇ ಉಂಡು ಕುಡಿದು ಮತ್ತರಾಗುತ್ತಿದ್ದರು, ಬಡವರು ಹಸಿದೇ ಉಳಿಯುತ್ತಿದ್ದರು. ಸಂತ ಪೌಲರು ತಮ್ಮ ಮೊದಲ ಪತ್ರದ 11ನೆಯ ಅಧ್ಯಾಯದಲ್ಲಿ ಅವರನ್ನು ಕಟುವಾಗಿ ಗದರಿ, ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಬೇಕೆಂದು ಹೇಳುತ್ತಾರೆ. ಒಬ್ಬರಿಗೆ ಅತಿ, ಒಬ್ಬರಿಗೆ ಹಸಿವು: ಇದು ಕೊರಿಂಥದ ರೋಗ. ನಮ್ಮ ಅಡುಗೆಮನೆಯ ರೋಗವೂ ಅದೇ. ಭಾನುವಾರ ಬಲಿಪೂಜೆಯಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗೊಂಡು ಬಂದ ನಾವು, ಮಧ್ಯಾಹ್ನ ಮನೆಯಲ್ಲಿ ತಾಯಿಯನ್ನು ಹೊರಗಿಟ್ಟು ಉಂಡರೆ ಆ ಬಲಿಪೂಜೆ ದೇವಾಲಯದಲ್ಲೇ ಉಳಿಯಿತು.

ಸಂತ ತೋಮಸ್ ಅಕ್ವಿನಾಸರು ಹೊಟ್ಟೆಬಾಕತನವನ್ನು ವಿವರಿಸುವಾಗ ಮಹಾ ಸಂತ ಗ್ರೆಗೊರಿಯವರ ಐದು ಬಗೆಗಳನ್ನು ಎತ್ತಿಕೊಳ್ಳುತ್ತಾರೆ: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯದನ್ನೇ ಬಯಸುವುದು, ಅತಿಯಾಗಿ ತಿನ್ನುವುದು, ಆತುರದಿಂದ ತಿನ್ನುವುದು, ಅತಿ ನಾಜೂಕನ್ನು ಬೇಡುವುದು. ಐದರಲ್ಲಿ ಒಂದು ಮಾತ್ರ ಪ್ರಮಾಣದ್ದು, ಉಳಿದವು ಮನಸ್ಸಿನವು. ಆದ್ದರಿಂದ ಕ್ಯಾಲೊರಿ ಎಣಿಸುವುದರಿಂದಷ್ಟೇ ಸಂಯಮ ಬರುವುದಿಲ್ಲ. ಹಾಗೆಂದು ಎಣಿಸದೆ ಇರುವುದು ಭಕ್ತಿಯೂ ಅಲ್ಲ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಆರೋಗ್ಯವನ್ನು ದೇವರು ನಮಗೆ ಒಪ್ಪಿಸಿದ ವರವೆಂದು ಬೋಧಿಸುತ್ತದೆ. ದೇಹವನ್ನೇ ದೇವರಾಗಿಸಿ ಪೂಜಿಸಬಾರದೆಂದೂ ಎಚ್ಚರಿಸುತ್ತದೆ.

ಉಪವಾಸದ ಮಾತು. ಧರ್ಮಸಭೆಯ ನಿಯಮದಂತೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ 18 ತುಂಬಿದವರಿಂದ ಹಿಡಿದು 59 ತುಂಬುವವರೆಗಿನವರಿಗೆ. ರೋಗಿಗಳು, ಗರ್ಭಿಣಿಯರು, ಹಾಲೂಡುವ ತಾಯಂದಿರು ಇದಕ್ಕೆ ಬದ್ಧರಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ಸಕ್ಕರೆ ಇಳಿದು ಪ್ರಾಣಕ್ಕೇ ಅಪಾಯವಾದೀತು. ಬಳಲಿ ಮಲಗಿದ ಪ್ರವಾದಿ ಎಲೀಯನನ್ನು ದೇವದೂತನು ತಟ್ಟಿ ಎಬ್ಬಿಸಿ ಊಟ ಮಾಡಿಸಿದನು. ಯಾಯೀರನ ಮಗಳನ್ನು ಜೀವಂತ ಎಬ್ಬಿಸಿದ ಪ್ರಭು ಯೇಸು, ಆಕೆಗೆ ತಿನ್ನಲು ಕೊಡಿರೆಂದು ಹೇಳುವುದನ್ನು ಮರೆಯಲಿಲ್ಲ. ವರ್ಷವಿಡೀ ಅರೆಹೊಟ್ಟೆಯಲ್ಲಿರುವ ತಾಯಿಗೆ ಚೆನ್ನಾಗಿ ಉಣ್ಣುವುದೇ ವಿಧೇಯತೆ. ಅತಿಯಾಗಿ ಉಣ್ಣುವ ತಂದೆಗೆ ಎರಡನೆಯ ಸಲ ಅನ್ನ ಬೇಡವೆನ್ನುವುದೇ ತಪಸ್ಸು.

ಮನೆಯಲ್ಲಿ ಮಾಡಿ ನೋಡಿ

1. ದಿನಕ್ಕೆ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ. ಪಾತ್ರೆಗಳು ನಡುವೆ ಇರಲಿ, ತಾಯಿಯ ತಟ್ಟೆಗೆ ಮೊದಲು ಬಡಿಸಿ.

2. ನಾಲ್ಕು ಜನ ದೊಡ್ಡವರ ಮನೆಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್ ಎಣ್ಣೆ ಸಾಕು. ಉಪ್ಪು ತಲೆಗೆ ದಿನಕ್ಕೆ 5 ಗ್ರಾಂ, ಅಂದರೆ ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಪ್ಯಾಕೆಟ್ ಮುಗಿಯುತ್ತಿದ್ದರೆ ಕೈ ಬಿಗಿ ಹಿಡಿಯಿರಿ.

3. ಕಾಫಿಗೆ ಹಾಕುವ ಸಕ್ಕರೆಯನ್ನು ಈ ವಾರ ಅರ್ಧ ಚಮಚ ಕಡಿಮೆ ಮಾಡಿ. ಕಜ್ಜಾಯ, ಕರ್ಜಿಕಾಯಿ ಕ್ರಿಸ್ಮಸ್ಸಿಗೆ ಇರಲಿ, ಪ್ರತಿ ಸಂಜೆಗೆ ಬೇಡ.

4. ಊಟವಾದ ಮೇಲೆ ಗಂಡು ಮಕ್ಕಳೂ ಪಾತ್ರೆ ತೊಳೆಯಲಿ. ಅವರ ಕ್ಯಾಲೊರಿಯೂ ಖರ್ಚಾಗುತ್ತದೆ, ತಾಯಿಗೂ ಕೂರಲು ಹೊತ್ತು ಸಿಗುತ್ತದೆ.

ಕುಟುಂಬದಲ್ಲಿ ಚಿಂತನೆಗೆ

ನಮ್ಮ ಮನೆಯಲ್ಲಿ ಕಡೆಗೆ ಉಣ್ಣುವವರು ಯಾರು? ಅವರ ತಟ್ಟೆಯಲ್ಲಿ ನಿನ್ನೆ ಏನಿತ್ತೆಂದು ನಮಗೆ ಗೊತ್ತೇ?

ಪ್ರಾರ್ಥನೆ: ಪ್ರಭುವೇ, ನಮ್ಮ ಅನ್ನಕ್ಕಾಗಿ ನಿಮಗೆ ವಂದನೆ. ಅತಿಯಿಂದ ನಮ್ಮನ್ನು ತಡೆಯಿರಿ. ನಮ್ಮ ಮನೆಯೊಳಗಿನ ಹಸಿವನ್ನು ಕಾಣುವ ಕಣ್ಣು ಕೊಡಿರಿ. ಆಮೆನ್.