‘ಚೆನ್ನಾಗಿದೆ’ ಅಂದರೆ ಸಾಕೆ?

ಪ್ರಶ್ನೆ: ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನಂಗಡಿಗಳಲ್ಲಿ ಮೊಬೈಲಿನಿಂದ ತೆಗೆದ ನಾಲ್ಕು ಚಿತ್ರ ಕಳಿಸಿದ್ದೇನೆ. ಬಣ್ಣವೇನೋ ಬಂದಿದೆ. ಆದರೆ ನೋಡಿದವರು ‘ಚೆನ್ನಾಗಿದೆ’ ಎಂದು ಮುಂದಕ್ಕೆ ಸರಿಸಿಬಿಡುತ್ತಾರೆ. ಎಲ್ಲಿ ಎಡವಿದ್ದೇನೆ? ಮುಲಾಜಿಲ್ಲದೆ ಹೇಳಿ.
– ಓದುಗಿ, ತುಮಕೂರು

ಉತ್ತರ: ಮೊದಲೆರಡು ಚಿತ್ರ ಮೇಲಿನ ಮಹಡಿಯಿಂದ ಕೆಳಕ್ಕೆ ನೋಡಿ ತೆಗೆದವು. ಕ್ಯಾಮೆರಾ ಹಿಡಿದು ಅಲ್ಲಿಗೆ ಹೋದವರೆಲ್ಲ ತೆಗೆಯುವುದು ಇದನ್ನೇ: ಚೆಂಡು ಹೂವಿನ ರಾಶಿ, ಸೇವಂತಿಗೆ ರಾಶಿ, ನಡುವೆ ತಲೆಗಳು. ಅದೇ ಬೇಕೆಂದಿದ್ದರೆ ರಾಶಿಗಳ ನಡುವಿನ ಖಾಲಿ ಜಾಗವೊಂದನ್ನು ಗುರುತಿಸಿಕೊಂಡು, ಬುಟ್ಟಿ ಹೊತ್ತವರು ಯಾರಾದರೂ ಅಲ್ಲಿಗೆ ಬರುವವರೆಗೆ ಕಾಯಿರಿ. ನಾಲ್ಕನೆಯದರಲ್ಲಿ ಬರೀ ಬೆನ್ನುಗಳಿವೆ. ಬಿಟ್ಟುಬಿಡೋಣ.

ಮೂರನೆಯದು ಮಾತ್ರ ನಿಮ್ಮದೇ ಚಿತ್ರ. ಹೂ ಮಾರುವಾಕೆ ಮಲ್ಲಿಗೆ ಮೊಳ ಹಾಕುತ್ತಿದ್ದಾರೆ. ಮೊಣಕೈಯಿಂದ ಬೆರಳ ತುದಿಯವರೆಗೆ ದಂಡೆ ಬಿಗಿಯಾಗಿ ನಿಂತಿದೆ. ಒಳ್ಳೆಯ ಗಳಿಗೆಯನ್ನೇ ಹಿಡಿದಿದ್ದೀರಿ. ಆದರೆ ನನ್ನ ಕಣ್ಣು ಮೊದಲು ಹೋದದ್ದು ಆ ಕೈಗಲ್ಲ, ಆಕೆಯ ಹಿಂದೆ ಉರಿಯುತ್ತಿರುವ ಬಲ್ಬಿಗೆ. ಆಮೇಲೆ ನೀಲಿ ಟಾರ್ಪಾಲಿಗೆ. ಚೌಕಟ್ಟಿನಲ್ಲಿ ಅತಿ ಹೆಚ್ಚು ಬೆಳಗುವ ಜಾಗ ಕಣ್ಣನ್ನು ಎಳೆದುಕೊಳ್ಳುತ್ತದೆ. ಎರಡು ಹೆಜ್ಜೆ ಎಡಕ್ಕೆ ಸರಿದು, ಫೋನನ್ನು ತಲೆಯ ಮಟ್ಟಕ್ಕೆತ್ತಿ ತುಸು ಕೆಳಮುಖವಾಗಿ ಹಿಡಿದಿದ್ದರೆ ಬಲ್ಬು ಆಚೆ ಹೋಗಿ, ಹಿಂದೆ ಸೇವಂತಿಗೆಯಷ್ಟೇ ಉಳಿಯುತ್ತಿತ್ತು.

ಇನ್ನೊಂದು ಮಾತು. ಇದನ್ನು ದೂರದಿಂದ ಝೂಮ್ ಮಾಡಿ ತೆಗೆದಿದ್ದೀರಿ, ಮುಖದ ಅಂಚುಗಳು ಕಲಸಿಹೋಗಿವೆ. ಡಿಜಿಟಲ್ ಝೂಮ್ ಅಂದರೆ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದು, ಅಷ್ಟೆ. ಎರಡು ಮೊಳ ಹೂ ಕೊಂಡು, ನಾಲ್ಕು ಮಾತಾಡಿ, ‘ಒಂದು ಫೋಟೊ ತೆಗೀಲಾ ಅಮ್ಮಾ?’ ಎಂದು ಕೇಳಿ. ಮೊದಲು ಪೋಸು ಕೊಡುತ್ತಾರೆ. ಮುಂದಿನ ಗಿರಾಕಿ ಬಂದೊಡನೆ ನಿಮ್ಮನ್ನು ಮರೆಯುತ್ತಾರೆ. ನಿಮಗೆ ಬೇಕಾದದ್ದು ಆಗ ಸಿಗುತ್ತದೆ. ಬೇಡ ಅಂದರೆ ಬೇಡ, ಮುಂದೆ ನಡೆಯಿರಿ. ಕದ್ದು ತೆಗೆದ ಚಿತ್ರದಲ್ಲಿ ಆ ಕಳ್ಳತನ ಕಂಡೇ ಕಾಣುತ್ತದೆ.

ಪ್ರಶ್ನೆ: ಮುಳ್ಳಯ್ಯನಗಿರಿಯಲ್ಲಿ ಕಣ್ಣಿಗೆ ಕಂಡದ್ದು ಕ್ಯಾಮೆರಾದಲ್ಲಿ ಬರಲೇ ಇಲ್ಲ. ಆಕಾಶ ಬೆಳ್ಳಗೆ, ಬೆಟ್ಟ ಮಸುಕು. ಹೊಸ ಲೆನ್ಸ್ ಕೊಳ್ಳಲೇ?
– ವಿದ್ಯಾರ್ಥಿ, ಹಾಸನ

ಉತ್ತರ: ಬೇಡ. ದುಡ್ಡು ಉಳಿಸಿಕೊಂಡು, ಅದೇ ಜಾಗಕ್ಕೆ ಬೆಳಿಗ್ಗೆ ಇನ್ನೂ ಬೇಗ ಹೋಗಿ. ಚಿತ್ರದಲ್ಲಿ ನೆರಳುಗಳು ಕಾಲಬುಡದಲ್ಲೇ ಮುದುಡಿವೆ, ಅಂದರೆ ಸಮಯ ನಡುಹಗಲು. 1,930 ಮೀಟರ್ ಎತ್ತರದ ಬೆಟ್ಟಕ್ಕೂ ನೆತ್ತಿಯ ಬಿಸಿಲು ಉಬ್ಬುತಗ್ಗು ಉಳಿಸುವುದಿಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಏಣೂ ಬೇರೆಯಾಗಿ ಕಾಣುತ್ತದೆ, ಮಡಿಕೆಗಳಲ್ಲಿನ ಶೋಲಾ ಕಾಡು ಕಪ್ಪಗೆ ಎದ್ದು ನಿಲ್ಲುತ್ತದೆ.

ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿ, ರಾ ಫೈಲಿನಲ್ಲಿ ತೆಗೆಯಿರಿ. ನೆರಳನ್ನು ಆಮೇಲೆ ಎತ್ತಬಹುದು. ಪೂರ್ತಿ ಬೆಳ್ಳಗಾದ ಆಕಾಶ ಯಾವ ತಂತ್ರಾಂಶಕ್ಕೂ ದಕ್ಕುವುದಿಲ್ಲ. ಕೊಳ್ಳಲೇಬೇಕೆಂದರೆ ಪೋಲರೈಸರ್ ಫಿಲ್ಟರ್ ಕೊಳ್ಳಿ. ಸೂರ್ಯನಿಗೆ 90 ಡಿಗ್ರಿ ಪಕ್ಕಕ್ಕೆ ತಿರುಗಿದಾಗ ಅದರ ಗುಣ ಹೆಚ್ಚು ಕಾಣುತ್ತದೆ.

ನಿಮ್ಮ ಚಿತ್ರದ ಕೆಳಗಿನ ಅರ್ಧದಲ್ಲಿ ಏನೂ ಇಲ್ಲ. ಗುಡಿಗೆ ಹತ್ತುವ ಮೆಟ್ಟಿಲಿನ ಮೇಲೆ ಒಬ್ಬ ಮನುಷ್ಯನಿದ್ದಿದ್ದರೂ ಬೆಟ್ಟದ ಗಾತ್ರ ತಿಳಿಯುತ್ತಿತ್ತು. ಇನ್ನು ಬಣ್ಣದ ಗುಂಡಿಯನ್ನು ಕೊನೆಯವರೆಗೆ ಎಳೆದಿದ್ದೀರಲ್ಲ, ಹುಲ್ಲು ಪ್ಲಾಸ್ಟಿಕ್ಕಿನಂತೆ ಕಾಣುತ್ತಿದೆ.

ಪ್ರಶ್ನೆ: ನಮ್ಮ ಗೆಳೆಯರ ಬಳಗದಲ್ಲಿ ಏನು ತೋರಿಸಿದರೂ ‘ಸೂಪರ್’. ನಿಜವಾದ ಅಭಿಪ್ರಾಯ ಪಡೆಯುವುದು ಹೇಗೆ?
– ಓದುಗ, ಧಾರವಾಡ

ಉತ್ತರ: ‘ಹೇಗಿದೆ?’ ಎಂದು ಕೇಳಿದರೆ ಸ್ನೇಹಿತರು ಇನ್ನೇನು ಹೇಳಿಯಾರು! ‘ಮೊದಲು ಏನು ಕಂಡಿತು? ಎಲ್ಲಿ ಬೇಸರವಾಯಿತು?’ ಎಂದು ಕೇಳಿ. ಎಷ್ಟು ಕಷ್ಟಪಟ್ಟು ತೆಗೆದಿರಿ ಎಂಬ ಕಥೆಯನ್ನು ಮೊದಲೇ ಹೇಳಬೇಡಿ. ಬೇರೆಯವರ ಚಿತ್ರಕ್ಕೆ ಮಾತು ಹೇಳುವಾಗಲೂ ‘ಕಾಂಪೋಸಿಷನ್ ಸರಿಯಿಲ್ಲ’ ಎಂದು ಕೈತೊಳೆದುಕೊಳ್ಳಬೇಡಿ. ಬಲತುದಿಯ ಬೈಕಿನ ಅರ್ಧ ಚಕ್ರ ಬೇಡವಾಗಿತ್ತು ಎಂದರೆ ಆತ ಮುಂದಿನ ಸಲ ಅಂಚುಗಳನ್ನು ನೋಡಿಕೊಳ್ಳುತ್ತಾನೆ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ಚಿತ್ರಿಸಿದವರು. ಬಳಗದವರೆಲ್ಲ ಸೇರಿ ಅವರ ಚಿತ್ರಗಳನ್ನು ಇದೇ ಪ್ರಶ್ನೆ ಹಾಕಿಕೊಂಡು ನೋಡಿ. ದೊಡ್ಡವರ ಚಿತ್ರದ ಮೇಲೆ ಬಾಯಿ ಬಿಡಲು ಯಾರಿಗೂ ದಾಕ್ಷಿಣ್ಯವಿರುವುದಿಲ್ಲ.

ಓದುಗರಲ್ಲಿ ವಿನಂತಿ: ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಚಿತ್ರ ಕಳಿಸಬೇಡಿ. ತಿದ್ದದ ಮೂಲ ಪ್ರತಿಯೂ ಇರಲಿ. ಏನನ್ನು ತೋರಿಸಲು ಹೊರಟಿದ್ದಿರಿ ಎಂದು ಪ್ರತಿಯೊಂದರ ಕೆಳಗೆ ಒಂದು ಸಾಲು ಬರೆಯಿರಿ.