ಹೆರಿಗೆ ನೋವು ಏಕೆ ಹೆಚ್ಚು, ಏಕೆ ಕಡಿಮೆ? – ಹತ್ತನೇ ತರಗತಿಯಲ್ಲಿ ಒಂದು ಮರುಪಾಠ

ಎರಡನೇ ಹಂತದ ಬೋಧನಾಭ್ಯಾಸದಲ್ಲಿ ನನಗೆ ಹತ್ತನೇ ತರಗತಿಯ ‘ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ?’ ಎಂಬ ಘಟಕ ಬಂದಿತ್ತು. ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆ. ತರಗತಿಯಲ್ಲಿ 38 ಮಕ್ಕಳು, ಅವರಲ್ಲಿ 21 ಹುಡುಗಿಯರು. ಗರ್ಭಕೋಶದ ಸ್ನಾಯುಗಳು ಲಯಬದ್ಧವಾಗಿ ಸಂಕುಚಿಸಿ ಮಗು ಹೊರಬರುತ್ತದೆ ಎಂಬಷ್ಟಕ್ಕೆ ಪಠ್ಯದಲ್ಲಿ ಹೆರಿಗೆಯ ವಿಷಯ ಮುಗಿಯುತ್ತದೆ. ನಾನೂ ಅದನ್ನು ಒಂದು ನಿಮಿಷದಲ್ಲಿ ಮುಗಿಸಿ ಮುಂದೆ ಹೊರಟಿದ್ದೆ.

ಆಗ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ನಮ್ಮಕ್ಕನಿಗೆ ಎರಡು ದಿನ ನೋವಿತ್ತು. ಅತ್ತಿಗೆಗೆ ಮೂರು ಗಂಟೇಲಿ ಆಯ್ತು. ಅಕ್ಕ ಪುಕ್ಕಲಿ, ಅದಕ್ಕೇ ಅಷ್ಟು ನೋವು ಅಂತಾರೆ ಮನೇಲಿ. ಹೌದಾ ಸರ್?”

ಹುಡುಗರ ಸಾಲಿನಲ್ಲಿ ಕಿಸಕ್ಕನೆ ನಗು ಕೇಳಿಸಿತು. “ಅದು ಸಿಲಬಸ್‌ನಲ್ಲಿಲ್ಲ. ಮೇಡಂ ಹತ್ರ ಕೇಳಮ್ಮ” ಎಂದೆ. ಅವಳು ಕುಳಿತಳು. ಸಹಪಾಠಿ ವೀಕ್ಷಕರು ನನ್ನ ವೀಕ್ಷಣಾ ಪುಸ್ತಕದಲ್ಲಿ ‘ತರಗತಿ ನಿಯಂತ್ರಣ: ಉತ್ತಮ’ ಎಂದು ಬರೆದರು. ಮೇಲ್ವಿಚಾರಕ ಉಪನ್ಯಾಸಕಿಯವರು ಮಾತ್ರ ಅಂಚಿನಲ್ಲಿ ಬರೆದದ್ದು: ‘ಪ್ರಶ್ನೆ ವಿಜ್ಞಾನದ್ದು. ಉತ್ತರ ಎಲ್ಲಿ?’

ಉತ್ತರ ನನಗೆ ಗೊತ್ತಿರಲಿಲ್ಲ ಎಂಬುದು ಅರ್ಧ ಸತ್ಯ. ಆ ಪ್ರಶ್ನೆಗೆ ನಾನು ಹೆದರಿದ್ದೆ ಎಂಬುದು ಉಳಿದರ್ಧ. ಮೂರು ವರ್ಷದ ಹಿಂದೆ ನನ್ನ ಅಕ್ಕನ ಮೊದಲ ಹೆರಿಗೆಗೆ ಬಿಸಿನೀರಿನ ಫ್ಲಾಸ್ಕ್ ಹಿಡಿದು ಬಾಗಿಲ ಹೊರಗೆ ನಿಂತಿದ್ದೆ. ಅಮ್ಮನನ್ನೂ ಒಳಗೆ ಬಿಟ್ಟಿರಲಿಲ್ಲ. ಅಕ್ಕ ಕೂಗಿದಾಗಲೆಲ್ಲ “ನೀನೊಬ್ಬಳೇ ಹೆರ್ತಿರೋದಾ? ಸುಮ್ನಿರು” ಎಂಬ ಗದರಿಕೆ ಕೇಳುತ್ತಿತ್ತು. ಅವಳು ಇಷ್ಟು ಅಧೈರ್ಯದವಳೇ ಎಂದು ನಾನೂ ಆಗ ಅಂದುಕೊಂಡಿದ್ದೆ. ತರಗತಿಯ ಹುಡುಗಿ ಕೇಳಿದ್ದು ಅದನ್ನೇ.

ಉಪನ್ಯಾಸಕಿಯವರ ಅನುಮತಿ ಪಡೆದು ಮುಂದಿನ ವಾರ ಒಂದು ಅವಧಿಯ ಮರುಪಾಠ ಯೋಜಿಸಿದೆ.

ಬೋಧನೋಪಕರಣ ಮತ್ತು ಚಟುವಟಿಕೆ

ಒಂದು ಬಲೂನು, ಒಂದು ಟೇಬಲ್ ಟೆನಿಸ್ ಚೆಂಡು, ರಟ್ಟಿನಲ್ಲಿ ಕತ್ತರಿಸಿದ 1 ಸೆಂ.ಮೀ.ನಿಂದ 10 ಸೆಂ.ಮೀ. ವ್ಯಾಸದವರೆಗಿನ ವೃತ್ತಗಳು. ಖರ್ಚು ಮೂವತ್ತು ರೂಪಾಯಿಯೊಳಗೆ.

ಚೆಂಡನ್ನು ಬಲೂನಿನೊಳಗೆ ಹಾಕಿ, ಊದಿ, ಬಾಯಿ ಕೆಳಗೆ ಮಾಡಿ ಹಿಡಿದರೆ ಚೆಂಡು ಕುತ್ತಿಗೆಯಲ್ಲಿ ಕೂತು ಗಾಳಿಯನ್ನು ತಡೆಯುತ್ತದೆ. ಬಲೂನು ಗರ್ಭಕೋಶ, ಕುತ್ತಿಗೆ ಗರ್ಭಕಂಠ, ಚೆಂಡು ಮಗುವಿನ ತಲೆ. ಪಕ್ಕದಿಂದ ಅಮುಕಿದರೆ ಹೆಚ್ಚೇನೂ ಆಗುವುದಿಲ್ಲ. ಮೇಲಿನಿಂದ ಅಮುಕಿ, ಬಿಟ್ಟು, ಮತ್ತೆ ಅಮುಕಿದರೆ ಕುತ್ತಿಗೆ ನಿಧಾನವಾಗಿ ಗಿಡ್ಡವಾಗಿ, ಅಗಲವಾಗಿ, ಕೊನೆಗೆ ಚೆಂಡು ಹೊರಬೀಳುತ್ತದೆ. ನಾಲ್ಕು ಗುಂಪುಗಳಿಗೂ ಮಾಡಲು ಕೊಟ್ಟೆ. ಹುಡುಗರ ನಗು ಇಲ್ಲಿಯೇ ನಿಂತಿತು. ಎಷ್ಟು ಸಲ ಅಮುಕಬೇಕಾಯಿತು ಎಂದು ಅವರು ಎಣಿಸುತ್ತಿದ್ದರು. ಒಬ್ಬ ಹುಡುಗ ಅದೇ ಬಲೂನಿನಲ್ಲಿ ಎರಡನೇ ಸಲ ಮಾಡಿ, “ಈ ಸಲ ಬೇಗ ಬಂತು ಸರ್” ಎಂದ. ಮೊದಲ ಹೆರಿಗೆಗೆ ಸಾಮಾನ್ಯವಾಗಿ ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬ ಅಂಶಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಗುತ್ತಿರಲಿಲ್ಲ.

ನಂತರ ರಟ್ಟಿನ ವೃತ್ತಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ಗರ್ಭಕಂಠ ಸುಮಾರು 10 ಸೆಂ.ಮೀ. ತೆರೆಯಬೇಕು. ಹೆಣ್ಣುಮಕ್ಕಳು ತಮ್ಮ ಬಳೆಯನ್ನು ಅದರ ಮೇಲಿಟ್ಟು ನೋಡಿ ಸುಮ್ಮನಾದರು.

ವಿವರಣೆ

ನೋವು ಎಲ್ಲಿಂದ ಬರುತ್ತದೆ? ಓಡುವಾಗ ಮೀನಖಂಡ ಹಿಡಿದುಕೊಂಡ ಅನುಭವದಿಂದ ಆರಂಭಿಸಿದೆ. ಗರ್ಭಕೋಶವೂ ಸ್ನಾಯು. ಅದು ಬಲವಾಗಿ ಸಂಕುಚಿಸಿದಾಗ ತನ್ನದೇ ರಕ್ತನಾಳಗಳನ್ನು ಅಮುಕುತ್ತದೆ, ಸ್ವಲ್ಪ ಹೊತ್ತು ಆಮ್ಲಜನಕ ಕಡಿಮೆಯಾಗುತ್ತದೆ. ಜೊತೆಗೆ ಗರ್ಭಕಂಠ ಹಿಗ್ಗುತ್ತದೆ. ಈ ಹಂತದ ನೋವು ಕಿಬ್ಬೊಟ್ಟೆ ಮತ್ತು ಸೊಂಟದಲ್ಲಿ ಅಲೆಅಲೆಯಾಗಿ ಬರುತ್ತದೆ. ಮಗು ಕೆಳಗಿಳಿದು ಜನನಮಾರ್ಗವನ್ನು ಹಿಗ್ಗಿಸುವಾಗ ಬೇರೆ ನರಗಳ ಮೂಲಕ ಚುರುಕಾದ, ಇಂತಲ್ಲೇ ಎಂದು ತೋರಿಸಬಹುದಾದ ನೋವು ಬರುತ್ತದೆ. ಮಗುವಿನ ತಲೆ ಗರ್ಭಕಂಠವನ್ನು ಒತ್ತಿದಷ್ಟೂ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಹೆಚ್ಚು ಬಿಡುಗಡೆಯಾಗುತ್ತದೆ. ಅದರಿಂದ ಸಂಕೋಚನ ಇನ್ನೂ ಬಲವಾಗುತ್ತದೆ. ಹಾರ್ಮೋನುಗಳ ಪಾಠದಲ್ಲಿ ಕಲಿತ ಇನ್ಸುಲಿನ್ ಹಿಮ್ಮಾಹಿತಿಗೆ ಇದು ವಿರುದ್ಧ ದಿಕ್ಕಿನದು ಎಂದು ಮಕ್ಕಳೇ ಗುರುತಿಸಿದರು.

ಆಮೇಲೆ ಕಪ್ಪುಹಲಗೆಯಲ್ಲಿ ಎರಡು ಕಲಂ ಎಳೆದೆ.

ತಾಯಿಯ ಕೈಯಲ್ಲಿ ಇಲ್ಲದ್ದು: ಮೊದಲ ಹೆರಿಗೆಯೋ ಅಲ್ಲವೋ ಎಂಬುದು, ಮಗುವಿನ ಗಾತ್ರ, ಸೊಂಟದ ಮೂಳೆಗಳ ಆಕಾರ, ಮಗುವಿನ ತಲೆ ತಿರುಗಿರುವ ಬಗೆ. ತಲೆಯ ಹಿಂಭಾಗ ತಾಯಿಯ ಬೆನ್ನೆಲುಬಿನ ಕಡೆಗಿದ್ದರೆ ಸೊಂಟನೋವು ಹೆಚ್ಚಾಗಬಹುದು, ಹೆರಿಗೆಯೂ ನಿಧಾನವಾಗಬಹುದು.

ಸುತ್ತಲಿನವರು ಬದಲಿಸಬಹುದಾದದ್ದು: ಏನಾಗುತ್ತಿದೆ ಎಂಬ ತಿಳಿವಳಿಕೆ, ಜೊತೆಗೊಬ್ಬರು, ಓಡಾಡಲು ಅವಕಾಶ, ಸೊಂಟ ನೀವುವುದು, ಗದರದ ಮಾತು, ನೋವು ನಿವಾರಕ ಔಷಧ.

ಪ್ರತಿಯೊಂದಕ್ಕೂ ಕಾರಣ ಕೊಟ್ಟೆ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ದೊಡ್ಡ ಅಭಿಧಮನಿಯನ್ನು ಒತ್ತುತ್ತದೆ. ಎದ್ದು ಓಡಾಡಿದರೆ ಆ ಒತ್ತಡ ತಪ್ಪುತ್ತದೆ, ಗುರುತ್ವವೂ ನೆರವಾಗುತ್ತದೆ. ಮೊಣಕಾಲು ತಗುಲಿದಾಗ ನಾವು ಉಜ್ಜಿಕೊಳ್ಳುವುದೇಕೆ? ಸ್ಪರ್ಶದ ಸಂಕೇತಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳನ್ನು ತಡೆಯಬಲ್ಲವು ಎಂಬ ‘ದ್ವಾರ ನಿಯಂತ್ರಣ’ ಸಿದ್ಧಾಂತವನ್ನು ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದರು. ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತೆ ಭಯ ಎಂಬ ಚಕ್ರವನ್ನು ವಿವರಿಸಿದ್ದರು. ತೀವ್ರ ಭಯದಲ್ಲಿ ಹೆಚ್ಚುವ ಅಡ್ರಿನಲಿನ್ ಸಂಕೋಚನಗಳನ್ನು ನಿಧಾನಗೊಳಿಸಬಹುದು.

ಜೊತೆಗಾರರ ವಿಷಯಕ್ಕೆ ನಮ್ಮ ಜಿಲ್ಲೆಯ ಉದಾಹರಣೆಯೇ ಸಿಕ್ಕಿತು. ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರು ಮಕ್ಕಳಿಗೆ ಗೊತ್ತಿತ್ತು. ಸಾವಿರಾರು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಈಗ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಅತಿಯಾದ ರಕ್ತಸ್ರಾವವನ್ನು ನಿಭಾಯಿಸುವ ವ್ಯವಸ್ಥೆ ಇರುವುದು ಅಲ್ಲಿಯೇ ಎಂದು ಸ್ಪಷ್ಟವಾಗಿ ಹೇಳಿದೆ. ಆದರೆ ಸೂಲಗಿತ್ತಿಯ ಜೊತೆಯಲ್ಲಿ ಪಕ್ಕದಲ್ಲಿ ಕೂರುವವರೂ ಹೋಗಬೇಕಾಗಿಲ್ಲ. ಹೆರಿಗೆಯ ವೇಳೆ ತಾಯಿ ಬಯಸಿದ ಒಬ್ಬರು ಜೊತೆಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ನಮ್ಮ ದೇಶದಲ್ಲಿ 2017ರಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮವೂ ಇದನ್ನು ಹೇಳುತ್ತದೆ.

ಮೌಲ್ಯಮಾಪನ ಮತ್ತು ನನ್ನ ತಪ್ಪು

ಪಾಠ ಚೆನ್ನಾಗಿ ಆಯಿತು ಎಂದೇ ನಂಬಿದ್ದೆ. ‘ಹೆರಿಗೆ ನೋವು ಒಬ್ಬೊಬ್ಬರಿಗೆ ಒಂದೊಂದು ರೀತಿ ಇರಲು ಕಾರಣವೇನು?’ ಎಂಬ ಪ್ರಶ್ನೆಗೆ ಬಂದ ಉತ್ತರಗಳನ್ನು ಓದಿದಾಗ ಗೊತ್ತಾಯಿತು. 38ರಲ್ಲಿ 14 ಮಕ್ಕಳು ಒಂದಲ್ಲ ಒಂದು ರೀತಿಯಲ್ಲಿ ಹೀಗೆ ಬರೆದಿದ್ದರು: ‘ಧೈರ್ಯವಿದ್ದರೆ ನೋವಾಗುವುದಿಲ್ಲ.’ ಆ ಹುಡುಗಿಯ ಮನೆಯವರು ಹೇಳಿದ ಮಾತನ್ನೇ ನಾನು ವಿಜ್ಞಾನದ ಪದಗಳಲ್ಲಿ ಮತ್ತೆ ಹೇಳಿಕೊಟ್ಟಂತಾಗಿತ್ತು. ಭಯದ ಚಕ್ರವನ್ನು ದೊಡ್ಡ ಚಿತ್ರವಾಗಿ ಬರೆದಿದ್ದೆ. ಉಳಿದ ಕಾರಣಗಳೆಲ್ಲ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿದ್ದವು. ಮಕ್ಕಳು ಚಿತ್ರವನ್ನು ನೆನಪಿಟ್ಟುಕೊಂಡರು.

ಮರುದಿನ ಹದಿನೈದು ನಿಮಿಷ ಕೇಳಿ ಪಡೆದು ತಿದ್ದಿದೆ. ಅದೇ ಮೆಲ್ಝಾಕ್ ಕೆನಡಾದಲ್ಲಿ ಹೆರಿಗೆಯ ಹೊತ್ತಿನ ನೋವನ್ನು ಅಳೆದಾಗ ಕಂಡದ್ದನ್ನು ಹೇಳಿದೆ. ಮೊದಲ ಹೆರಿಗೆಯವರಲ್ಲಿ ನೋವು ಸರಾಸರಿ ಹೆಚ್ಚು. ಒಬ್ಬರಿಂದೊಬ್ಬರಿಗೆ ಅಂತರ ಬಹಳ ದೊಡ್ಡದು. ಮುಂಚಿತವಾಗಿ ತರಬೇತಿ ಪಡೆದವರಲ್ಲಿ ನೋವು ಸ್ವಲ್ಪ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಅಂದರೆ ಭಯ ಒಂದು ಕಾರಣ ಮಾತ್ರ, ಮತ್ತು ಭಯವೂ ತಾಯಿಯ ತಪ್ಪಲ್ಲ. ಒಂಟಿಯಾಗಿ ಬಿಟ್ಟು ಗದರಿದರೆ ಯಾರಿಗಾದರೂ ಬರುತ್ತದೆ. ಕಾಲರಾ ನೀರಿನಿಂದ ಹರಡುತ್ತದೆ ಎಂದು ತೋರಿಸಿದ ಜಾನ್ ಸ್ನೋ 1853ರಲ್ಲಿ ವಿಕ್ಟೋರಿಯಾ ರಾಣಿಗೆ ಹೆರಿಗೆಯ ವೇಳೆ ಕ್ಲೋರೋಫಾರ್ಮ್ ಕೊಟ್ಟದ್ದನ್ನೂ, ಈಗ ಸೊಂಟದ ಬಳಿ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಅರಿವಳಿಕೆಯನ್ನೂ ಹೇಳಿ, ನೋವು ಕಡಿಮೆ ಮಾಡಿ ಎಂದು ಕೇಳುವುದು ಸೋಲಲ್ಲ ಎಂದೆ.

ಮತ್ತೆ ಅದೇ ಪ್ರಶ್ನೆ ಕೊಟ್ಟಾಗ ‘ಧೈರ್ಯ’ದ ಉತ್ತರ ಮೂವರಲ್ಲಿ ಮಾತ್ರ ಉಳಿದಿತ್ತು. ಆ ಹುಡುಗಿ ಬರೆದದ್ದು ಎರಡೇ ಸಾಲು: ‘ಅಕ್ಕನಿಗೆ ಅದು ಮೊದಲ ಹೆರಿಗೆ. ಅತ್ತಿಗೆಗೆ ಮೂರನೆಯದು.’

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಘಟಕ ಬಂದವರು ಹುಡುಗ ಹುಡುಗಿಯರನ್ನು ಬೇರೆ ಕೂರಿಸಬೇಡಿ. ಬಲೂನನ್ನು ಮೊದಲು ಮಾಡಿಸಿ, ಮಾತು ಆಮೇಲೆ. ಭಯದ ಚಕ್ರವನ್ನು ಹೇಳುವುದಾದರೆ ಕೊನೆಗೆ ಹೇಳಿ, ಉಳಿದ ಕಾರಣಗಳಷ್ಟೇ ಗಾತ್ರದಲ್ಲಿ ಬರೆಯಿರಿ. ಮೌಲ್ಯಮಾಪನದಲ್ಲಿ ‘ಧೈರ್ಯ’ ಎಂಬ ಪದವನ್ನು ಹುಡುಕಿ ನೋಡಿ.

ಕೊನೆಯ ದಿನ ಬಲೂನು ಎರಡು ಸಲ ಒತ್ತಿದ್ದ ಹುಡುಗ ಬಂದು, “ಗಂಡಸರನ್ನ ಒಳಗೆ ಬಿಡದೇ ಇದ್ರೆ ಏನ್ಮಾಡೋದು ಸರ್?” ಎಂದು ಕೇಳಿದ. ಅಮ್ಮನನ್ನೋ ಅಕ್ಕನನ್ನೋ ಬಿಡಿ ಎಂದು ಕೇಳಬಹುದು, ಹಾಗೆ ಕೇಳಲು ಅವಕಾಶವಿದೆ ಎಂದೆ. ಮೂರು ವರ್ಷದ ಹಿಂದೆ ಫ್ಲಾಸ್ಕ್ ಹಿಡಿದು ನಿಂತಿದ್ದ ನನಗೆ ಅದು ಗೊತ್ತಿರಲಿಲ್ಲ. ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಅಮ್ಮನಿಗೂ ಹೇಳು” ಎಂದಳು.