ಮುಳ್ಳು ಅದೇ, ವೇಗ ಬೇರೆ: ಲುಕ್ಲಾದಲ್ಲಿ ವಿಮಾನ ಇಳಿಸೋಣ

ಕಾಸರಗೋಡಿನ ಅಂಗಡಿಯಲ್ಲಿ ಕೊಂಡ ಚಿಪ್ಸ್ ಪೊಟ್ಟಣವನ್ನು ಒಡೆಯದೆ ಊಟಿಗೆ ಒಯ್ದರೆ ಏನಾಗುತ್ತೆ? ಬಲೂನಿನ ಹಾಗೆ ಉಬ್ಬಿಕೊಳ್ಳುತ್ತೆ. ನೀಲಗಿರಿಯಲ್ಲಿ ಓದುವವರಿಗೆ ಇದು ಹೊಸತಲ್ಲ. ಪೊಟ್ಟಣದ ಒಳಗೆ ಗಾಳಿ ಹೆಚ್ಚಾಗಿಲ್ಲ, ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿದೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ.

ಇಂಥ ತೆಳು ಗಾಳಿಯಲ್ಲಿ ಒಂದು ಪುಟ್ಟ ವಿಮಾನವನ್ನು ಬೆಟ್ಟದ ಮೇಲೆ ಇಳಿಸಬೇಕು ಅಂದರೆ ಏನೇನು ಬದಲಾಗುತ್ತದೆ? ವಿಮಾನ ಹತ್ತದೆಯೇ ಇದನ್ನು ಪರೀಕ್ಷಿಸಬಹುದು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ತಂತ್ರಾಂಶಕ್ಕೆ ಫ್ಲೈಟ್ ಸಿಮ್ಯುಲೇಟರ್ ಎನ್ನುತ್ತಾರೆ. ಅವುಗಳಲ್ಲಿ ಫ್ಲೈಟ್‌ಗಿಯರ್ ಎಂಬುದು ಉಚಿತವಾಗಿ ಸಿಗುತ್ತದೆ. ಬನ್ನಿ, ಅದರಲ್ಲಿ ನೇಪಾಳದ ಲುಕ್ಲಾಕ್ಕೆ ಹೋಗೋಣ.

ಲುಕ್ಲಾ ಅಂದರೆ ಯಾವುದು?

ಎವರೆಸ್ಟ್ ಕಡೆಗೆ ನಡೆದು ಹೋಗುವವರಲ್ಲಿ ಹೆಚ್ಚಿನವರು ವಿಮಾನದಿಂದ ಇಳಿಯುವ ಊರು ಇದು. 1953ರಲ್ಲಿ ತೇನ್ಸಿಂಗ್ ನೋರ್ಗೆ ಜೊತೆ ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ, ಮುಂದೆ ಅಲ್ಲಿನ ಶೆರ್ಪಾ ಜನರಿಗಾಗಿ ಶಾಲೆ, ಆಸ್ಪತ್ರೆ ಕಟ್ಟಿಸಲು ನಿಂತರು. ಸಾಮಾನು ಸಾಗಿಸಲು ಮೋಟಾರು ರಸ್ತೆಯೇ ಇರಲಿಲ್ಲ. ಅದಕ್ಕಾಗಿ 1964ರಲ್ಲಿ ಬೆಟ್ಟದ ಓರೆಯಲ್ಲಿ ಈ ರನ್‌ವೇ ಮಾಡಿಸಿದರು. ಊರಿನವರು ಸಾಲಾಗಿ ಕುಣಿದು ಮಣ್ಣು ತುಳಿದು ಗಟ್ಟಿ ಮಾಡಿದರು ಎಂಬ ಕಥೆ ಪ್ರಸಿದ್ಧ. 2001ರಲ್ಲಿ ಅದಕ್ಕೆ ಡಾಂಬರು ಬಿತ್ತು. 2008ರಲ್ಲಿ ತೇನ್ಸಿಂಗ್ ಮತ್ತು ಹಿಲರಿ ಇಬ್ಬರ ಹೆಸರನ್ನೂ ಇಟ್ಟರು.

ಎತ್ತರ ಸಮುದ್ರ ಮಟ್ಟದಿಂದ ಸುಮಾರು 2,845 ಮೀಟರ್. ರನ್‌ವೇ ಉದ್ದ ಬರೀ 527 ಮೀಟರ್. ಮಂಗಳೂರಿನ ದೊಡ್ಡ ರನ್‌ವೇ 2,450 ಮೀಟರ್ ಇದೆ, ಹೋಲಿಸಿ ನೋಡಿ. ಲುಕ್ಲಾ ರನ್‌ವೇಯ ಒಂದು ತುದಿಯಲ್ಲಿ ಕಣಿವೆ, ಇನ್ನೊಂದು ತುದಿಯಲ್ಲಿ ಬೆಟ್ಟ. ಆದ್ದರಿಂದ ಕಣಿವೆ ಕಡೆಯಿಂದ ಬಂದು ಇಳಿಯಬೇಕು, ಕಣಿವೆ ಕಡೆಗೇ ಏರಿ ಹೋಗಬೇಕು. ಟ್ವಿನ್ ಆಟರ್, ಡಾರ್ನಿಯರ್ 228ರಂಥ ಪುಟ್ಟ ವಿಮಾನಗಳು ಮಾತ್ರ ಇಲ್ಲಿಗೆ ಬರುತ್ತವೆ. ಗಿಡ್ಡ, ಒರಟು ಜಾಗದಲ್ಲಿ ಇಳಿಯಬಲ್ಲ ಇಂಥ ವಿಮಾನಗಳಿಗೆ ಬುಷ್ ಪ್ಲೇನ್ ಎಂಬ ಹೆಸರಿದೆ.

ಮುಳ್ಳು ತೋರಿಸದ ವೇಗ

ವಿಮಾನವನ್ನು ಮೇಲೆತ್ತಿ ಹಿಡಿಯುವುದು ರೆಕ್ಕೆಯ ಸುತ್ತ ಹರಿಯುವ ಗಾಳಿ. ಈ ಎತ್ತುವ ಬಲ ಎರಡು ಸಂಗತಿಗಳ ಗುಣಲಬ್ಧವನ್ನು ಅವಲಂಬಿಸಿದೆ: ಗಾಳಿಯ ಸಾಂದ್ರತೆ ಮತ್ತು ವೇಗದ ವರ್ಗ. ಸಾಂದ್ರತೆ ಕಡಿಮೆಯಾದರೆ, ಅಷ್ಟೇ ಬಲ ಬೇಕೆಂದರೆ ವೇಗ ಹೆಚ್ಚಬೇಕು.

ಲುಕ್ಲಾ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಸುಮಾರು ಮುಕ್ಕಾಲು ಪಾಲು. ಲೆಕ್ಕ ಹಾಕಿದರೆ ವೇಗ ಸುಮಾರು ಶೇ. 15ರಷ್ಟು ಹೆಚ್ಚಬೇಕು.

ಈಗ ತಮಾಷೆ ನೋಡಿ. ವಿಮಾನದ ವೇಗಮಾಪಕ ನಿಜವಾಗಿ ಅಳೆಯುವುದು ಎದುರಿನಿಂದ ನುಗ್ಗುವ ಗಾಳಿಯ ಒತ್ತಡವನ್ನು. ಆ ಒತ್ತಡವೂ ಸಾಂದ್ರತೆ ಮತ್ತು ವೇಗದ ವರ್ಗವನ್ನೇ ಅವಲಂಬಿಸಿದೆ. ಹಾಗಾಗಿ ಮಂಗಳೂರಿನಲ್ಲಿ 70 ನಾಟ್ ತೋರಿಸಿ ಇಳಿಸಿದ ಪೈಲಟ್ ಲುಕ್ಲಾದಲ್ಲೂ 70 ನಾಟ್ ತೋರಿಸಿಯೇ ಇಳಿಸಬಹುದು. ರೆಕ್ಕೆಗೆ ಅಷ್ಟು ಸಾಕು. ಆದರೆ ನೆಲದ ಮೇಲಿನ ವೇಗ? ಗಾಳಿ ಬೀಸದಿದ್ದರೆ ಮಂಗಳೂರಿನಲ್ಲಿ ಸೆಕೆಂಡಿಗೆ ಸುಮಾರು 36 ಮೀಟರ್, ಲುಕ್ಲಾದಲ್ಲಿ ಸುಮಾರು 41 ಮೀಟರ್. ಮುಳ್ಳು ಒಂದೇ ಕಡೆ ನಿಂತಿದೆ, ನೆಲ ಮಾತ್ರ ಜೋರಾಗಿ ಓಡಿ ಬರುತ್ತಿದೆ!

ಚಲನ ಶಕ್ತಿಯೂ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಅಂದರೆ ಬ್ರೇಕ್ ಹಾಕಿ ಕಳೆಯಬೇಕಾದ ಶಕ್ತಿ ಮೂರನೇ ಒಂದು ಪಾಲು ಜಾಸ್ತಿ. ರನ್‌ವೇ ಮಾತ್ರ ಮಂಗಳೂರಿನದರ ಕಾಲು ಭಾಗಕ್ಕಿಂತಲೂ ಗಿಡ್ಡ.

ಏರು ಎಂಬ ಬ್ರೇಕ್

ಹಾಗಾದರೆ ವಿಮಾನ ನಿಲ್ಲುವುದು ಹೇಗೆ? ಲುಕ್ಲಾದ ರನ್‌ವೇ ಮಟ್ಟಸವಾಗಿಲ್ಲ. ಪ್ರತಿ 100 ಮೀಟರಿಗೆ 11.7 ಮೀಟರ್ ಏರುತ್ತದೆ. ಪೂರ್ತಿ ಉದ್ದಕ್ಕೆ ಗುಣಿಸಿ: ಸುಮಾರು 62 ಮೀಟರ್. ಕಣಿವೆಯಿಂದ ಬಂದ ವಿಮಾನ ಏರು ಹತ್ತುತ್ತಾ ಓಡುತ್ತದೆ. ಸೈಕಲ್ ತುಳಿಯುವುದನ್ನು ನಿಲ್ಲಿಸಿ ಏರು ಹತ್ತಿದಾಗ ಏನಾಗುತ್ತದೋ ಇಲ್ಲೂ ಅದೇ. ಚಲನ ಶಕ್ತಿ ಪ್ರಚ್ಛನ್ನ ಶಕ್ತಿಯಾಗುತ್ತದೆ.

ಸೆಕೆಂಡಿಗೆ 41 ಮೀಟರ್ ವೇಗವನ್ನು ಏರಿನಿಂದಲೇ ಪೂರ್ತಿ ಕಳೆಯಬೇಕಾದರೆ ಎಷ್ಟು ಎತ್ತರ ಬೇಕು? ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ, ಅಂದರೆ 19.6ರಿಂದ ಭಾಗಿಸಿ. ಸುಮಾರು 86 ಮೀಟರ್ ಬರುತ್ತದೆ. ನಮ್ಮಲ್ಲಿರುವುದು 62. ಅಂದರೆ ಬಹುಪಾಲು ಕೆಲಸವನ್ನು ಏರೇ ಮಾಡಬಲ್ಲದು, ಉಳಿದದ್ದು ಬ್ರೇಕಿನದು. ಕೆಳತುದಿ ಬಿಟ್ಟು ಮುಂದೆ ಹೋಗಿ ಇಳಿದರೆ ಈ 62ರಲ್ಲೂ ಕಳೆದುಕೊಳ್ಳುತ್ತೀರಿ.

ಕಣ್ಣಿನ ಮೋಸ

ಸಿಮ್ಯುಲೇಟರಿನಲ್ಲಿ ಮೊದಲ ಸಲ ಪ್ರಯತ್ನಿಸಿದವರು ಸಾಮಾನ್ಯವಾಗಿ ರನ್‌ವೇ ಅಂಚಿಗಿಂತ ಕೆಳಗೆ, ಬೆಟ್ಟದ ಗೋಡೆಗೇ ಹೋಗಿ ಬಡಿಯುತ್ತಾರೆ. ಕೈ ತಪ್ಪಿದ್ದಲ್ಲ, ಕಣ್ಣು ತಪ್ಪಿದ್ದು. ಏರುಮುಖದ ರನ್‌ವೇ ದೂರದಿಂದ ಉದ್ದವಾಗಿ, ಎದ್ದು ನಿಂತಂತೆ ಕಾಣುತ್ತದೆ. ಅದನ್ನು ನೋಡಿ ನಮಗೆ "ಅಯ್ಯೋ, ತುಂಬಾ ಮೇಲಿದ್ದೇನೆ" ಅನ್ನಿಸುತ್ತದೆ. ಮೂಗು ತಗ್ಗಿಸುತ್ತೇವೆ. ನಿಜದಲ್ಲಿ ಸರಿಯಾದ ಎತ್ತರದಲ್ಲೇ ಇದ್ದೆವು!

ಉಪಾಯ ಇದು: ಇಳಿಯಬೇಕಾದ ಜಾಗವನ್ನು ಮುಂದಿನ ಗಾಜಿನಲ್ಲಿ ಗುರುತಿಸಿಕೊಳ್ಳಿ. ಅದು ಗಾಜಿನಲ್ಲಿ ಮೇಲಕ್ಕೆ ಸರಿದರೆ ನೀವು ಅದಕ್ಕಿಂತ ಮೊದಲೇ ನೆಲ ಮುಟ್ಟುತ್ತೀರಿ. ಕೆಳಕ್ಕೆ ಸರಿದರೆ ದಾಟಿ ಹೋಗುತ್ತೀರಿ. ಕದಲದೆ ನಿಂತರೆ ಅಲ್ಲಿಗೇ ತಲುಪುತ್ತೀರಿ.

ಮಾಡಿ ನೋಡಿ

1. ಸೆಸ್ನಾ 172 ವಿಮಾನ ಆರಿಸಿ, ಗಾಳಿ ಬೀಸದ ಹವಾಮಾನ ಇಟ್ಟುಕೊಳ್ಳಿ. ಸಮುದ್ರದ ಮೇಲೆ ತಗ್ಗಿನಲ್ಲಿ ಮುಳ್ಳು 70 ನಾಟ್ ತೋರಿಸುವಂತೆ 2 ನಿಮಿಷ ನೇರ ಹಾರಿಸಿ. ಎಷ್ಟು ದೂರ ಹೋದಿರಿ ಎಂದು ನಕ್ಷೆಯಲ್ಲಿ ಅಳೆಯಿರಿ. ಸುಮಾರು 4.3 ಕಿ.ಮೀ. ಬರಬೇಕು.

2. ಅದನ್ನೇ 2,845 ಮೀಟರ್ ಎತ್ತರದಲ್ಲಿ ಮಾಡಿ. ಸುಮಾರು 5 ಕಿ.ಮೀ. ಬರಬೇಕು. ತೆಳು ಗಾಳಿಯಲ್ಲಿ ಎಂಜಿನ್ ಕೂಡ ಸೊರಗುತ್ತದೆ, ಆದ್ದರಿಂದ ಇಂಧನ ಮಿಶ್ರಣದ ಕೆಂಪು ಗುಂಡಿಯನ್ನು ಸ್ವಲ್ಪ ಹಿಂದಕ್ಕೆಳೆದು ಇಂಧನ ಕಡಿಮೆ ಮಾಡಿ.

3. ಈಗ ಲುಕ್ಲಾದಲ್ಲಿ ಇಳಿಸಿ. ಪ್ರತಿ ಪ್ರಯತ್ನದ ನಂತರ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ: ಎಲ್ಲಿ ನೆಲ ಮುಟ್ಟಿತು, ವೇಗ ಎಷ್ಟಿತ್ತು, ಯಾಕೆ ತಪ್ಪಿತು. ಮುಂದಿನ ಸಲ ಒಂದನ್ನು ಮಾತ್ರ ಬದಲಾಯಿಸಿ.

ಈ ನೋಟ್‌ಬುಕ್ ಮುಖ್ಯ. ಸಿಮ್ಯುಲೇಟರಿನಲ್ಲಿ ವಿಮಾನ ಬಿದ್ದರೆ ಒಂದು ಗುಂಡಿ ಒತ್ತಿ ಮತ್ತೆ ಶುರು ಮಾಡಬಹುದು. ಲುಕ್ಲಾದ ಪೈಲಟ್‌ಗೆ ಆ ಗುಂಡಿ ಇಲ್ಲ. ಎದುರಿಗೆ ಬೆಟ್ಟ ಇರುವುದರಿಂದ ಒಂದು ಹಂತ ದಾಟಿದ ಮೇಲೆ ವಾಪಸ್ ಏರಿ ಹೋಗಲು ಜಾಗವೂ ಇಲ್ಲ. ಇಳಿಯಬೇಕೋ ಬೇಡವೋ ಎಂಬುದನ್ನು ಅದಕ್ಕೂ ಮೊದಲೇ ನಿರ್ಧರಿಸಬೇಕು. ಹಿಂದೆ ಕೂತವರ ಜೀವ ಆ ನಿರ್ಧಾರದಲ್ಲಿರುತ್ತದೆ. ನಮಗೆ ಬೀಳುವ ಸೌಲಭ್ಯ ಇದೆ. ಯಾಕೆ ಬಿದ್ದೆವು ಎಂದು ಕೇಳಿಕೊಳ್ಳದಿದ್ದರೆ ಅದು ಬರೀ ಆಟ, ಕೇಳಿಕೊಂಡರೆ ಪ್ರಯೋಗ.

ಯೋಚಿಸಿ

ಅ) ಲುಕ್ಲಾದಿಂದ ಏರಿ ಹೋಗುವಾಗ ಇದೇ ಓರೆ ಸಹಾಯ ಮಾಡುತ್ತದೆಯೋ, ತೊಂದರೆ ಕೊಡುತ್ತದೆಯೋ?

ಆ) ಬಿಸಿಲು ಏರಿ ಗಾಳಿ ಕಾದರೆ ಅದರ ಸಾಂದ್ರತೆ ಏನಾಗುತ್ತದೆ? ಆಗ ಇಳಿಯುವ ವೇಗ?

ಇ) ಹಿಂದಿನಿಂದ ಸೆಕೆಂಡಿಗೆ 5 ಮೀಟರ್ ಗಾಳಿ ಬೀಸುತ್ತಿದ್ದರೆ, 86 ಮೀಟರ್ ಎಂಬ ಉತ್ತರ ಎಷ್ಟಕ್ಕೆ ಏರುತ್ತದೆ? ಲೆಕ್ಕ ಹಾಕಿ ನಿಮ್ಮ ವಿಜ್ಞಾನ ಟೀಚರ್‌ಗೆ ತೋರಿಸಿ.